ಯಂತ್ರಕ್ಕೆ ಗುರುತಿಲ್ಲದ ಹೆಬ್ಬೆಟ್ಟು

“ಇನ್ನೊಂದ್ಸಲ ಒತ್ತಿ,” ಎಂದೆ.

ಕನ್ನಡಿಯಮ್ಮ ಹೆಬ್ಬೆಟ್ಟನ್ನು ಏಪ್ರನ್ನಿಗೆ ತಿಕ್ಕಿ ಒರೆಸಿಕೊಂಡು, ಯಂತ್ರದ ಗಾಜಿನ ಮೇಲೆ ಇಟ್ಟಳು. ಯಂತ್ರ ಕುಂಯ್ ಎಂದಿತು. ಪರದೆಯ ಮೇಲೆ ಮತ್ತೆ ಅದೇ ಹಾಳು ಸಾಲು: ಗುರುತು ಸಿಗಲಿಲ್ಲ.

ಬಲಗೈ ಆಯಿತು, ಎಡಗೈ ಆಯಿತು. ಬೆರಳು ಒದ್ದೆ ಮಾಡಿಸಿ ನೋಡಿದೆ, ಒಣಗಿಸಿ ನೋಡಿದೆ. ಕೊನೆಗೆ ಅವಳ ಕೈ ಹಿಡಿದು ನಾನೇ ಅದುಮಿದೆ. ಅದು ಜಪ್ಪಯ್ಯ ಎನ್ನಲಿಲ್ಲ.

“ನಿಧಾನ ಕಣಮ್ಮ, ಅವರ ಬೆರಳು ಮುರಿದೀಯ,” ಎಂದರು ಭಾವ. ಭಾವ ಎಂದರೆ ನನ್ನ ಅಕ್ಕನ ಗಂಡ. ನಿವೃತ್ತರಾಗಿ ಮನೆಯಲ್ಲಿ ಕೂತರೆ ತನ್ನ ಪ್ರಾಣ ತಿನ್ನುತ್ತಾರೆಂದು ಅಕ್ಕ ಅವರನ್ನು ನನ್ನ ಕೊರಳಿಗೆ ಕಟ್ಟಿದ್ದಾಳೆ. ನನ್ನ ಕಾರು ಓಡಿಸುವವರು, ನನ್ನ ಪತ್ತೇದಾರಿಕೆಗೆ ಸಹಾಯಕರು, ನನ್ನ ತಲೆನೋವು, ಎಲ್ಲ ಅವರೇ.

ನನಗೆ ರೇಗಿ ಹೋಗಿತ್ತು. ಈ ಕಾರ್ಖಾನೆಯ ಆಕ್ಸಿಜನ್ ವಾಲ್ವೊಂದು ಆಸ್ಪತ್ರೆಯಲ್ಲಿ ಸೋರಿ, ಬೆಂಕಿ ಹತ್ತಿ, ವಾರ್ಡಿನ ಆಯಾ ಒಬ್ಬಳು ಸತ್ತಿದ್ದಳು. ಆ ವಾಲ್ವಿನೊಳಗಿನ ಕೆಟ್ಟ ಬಿಲ್ಲೆಯನ್ನು ಹೆಬ್ಬೆಟ್ಟು ಒತ್ತಿ ಪಾಸು ಮಾಡಿದ್ದು ಕನ್ನಡಿಯಮ್ಮ ಎಂದು ಇದೇ ಯಂತ್ರ ಸಾಕ್ಷಿ ಹೇಳಿತ್ತು. ಈಗ ನೋಡಿದರೆ ಅದೇ ಯಂತ್ರ, ಈ ಹೆಂಗಸು ಯಾರೋ ನನಗೆ ಗೊತ್ತೇ ಇಲ್ಲ ಎನ್ನುತ್ತಿದೆ.

ಒಂದೇ ಬಾಯಲ್ಲಿ ಎರಡು ನಾಲಿಗೆ. ಮನುಷ್ಯರಾಗಿದ್ದರೆ ಕೂರಿಸಿಕೊಂಡು ಬೈದು ಬಾಯಿ ಬಿಡಿಸಬಹುದಿತ್ತು. ಯಂತ್ರವನ್ನು ಏನು ಮಾಡಲಿ?

“ನಾನು ಮಾಡಿಲ್ಲ ಮೇಡಂ,” ಎಂದಳು ಕನ್ನಡಿಯಮ್ಮ, ಬೆಳಗಿನಿಂದ ಎಷ್ಟನೆಯ ಸಲವೋ. “ಹುಟ್ಟೋ ಮೊಮ್ಮಗುವಿನ ಆಣೆ. ಮಗಳಿಗೆ ದಿನ ತುಂಬಿದೆ. ಅವಳ ಗಂಡ ಬಿಟ್ಟು ಹೋಗಿದಾನೆ. ನನ್ನ ಒಳಗೆ ಹಾಕಿಬಿಟ್ರೆ ಆ ಹುಡುಗೀನ ಆಸ್ಪತ್ರೆಗೆ ಕರ್ಕೊಂಡು ಹೋಗೋರು ಯಾರು ಹೇಳಿ?”

ಮಧ್ಯಾಹ್ನ ಮೇಲಿನ ಮಹಡಿಯಲ್ಲಿ ಬೋರ್ಡ್ ಮೀಟಿಂಗು. ಅದು ಮುಗಿದ ಕೂಡಲೇ ಅವಳನ್ನು ಪೊಲೀಸರಿಗೆ ಒಪ್ಪಿಸುವುದೆಂದು ಆಗಲೇ ನಿಶ್ಚಯವಾಗಿತ್ತು. ಇನ್‌ಸ್ಪೆಕ್ಟರು ಬಂದು ಕಾಫಿ ಕುಡಿಯುತ್ತಾ ಕೂತೂ ಆಗಿತ್ತು.

ಸುತ್ತ ನೋಡಿದೆ. ಉದ್ದನೆಯ ಹಾಲು. ಎರಡು ಸಾಲು ಮೇಜು. ಪ್ರತಿ ಮೇಜಿನ ಮೇಲೂ ಒಂದು ಕಬ್ಬಿಣದ ಹಲಗೆ, ಹಲಗೆಯ ಮೇಲೆ ಬೂದು ಬಣ್ಣದ ಮುಲಾಮಿನಂಥದ್ದು. ಹೆಂಗಸರು ಗಂಡಸರು ಬೆರಳ ತುದಿಯಲ್ಲಿ ಉಕ್ಕಿನ ಸಣ್ಣ ಬಿಲ್ಲೆಗಳನ್ನು ಅದುಮಿ ಹಿಡಿದು, ಆ ಮುಲಾಮಿನಲ್ಲಿ ಎಂಟರ ಆಕಾರದಲ್ಲಿ ಉಜ್ಜುತ್ತಿದ್ದರು. ಬಿಲ್ಲೆ ಸಪಾಟಾಗಿದ್ದರೆ ವಾಲ್ವು ಗಾಳಿ ಬಿಡುವುದಿಲ್ಲ. ಕೂದಲೆಳೆಯಷ್ಟು ಗೀರು ಬಿದ್ದರೆ ಮುಗಿಯಿತು. ಮುಖ ಕಾಣುವಷ್ಟು ಹೊಳೆಯುವ ಹಾಗೆ ಉಜ್ಜುತ್ತಾಳೆಂದೇ ಇವಳಿಗೆ ಕನ್ನಡಿಯಮ್ಮ ಎಂದು ಹೆಸರು ಬಿದ್ದಿತ್ತು.

ಹೊಸ ಯಂತ್ರ ಹಾಲಿನ ತುದಿಯಲ್ಲಿತ್ತು. ಅದರ ಹೊಟ್ಟೆಯೊಳಗೆ ಕ್ಯಾಮೆರಾ. ಬಿಲ್ಲೆ ಸರಿಯಿದ್ದರೆ ಹಸಿರು ದೀಪ, ಮುಂದೆ ಹೋಗುತ್ತದೆ. ಅನುಮಾನ ಬಂದರೆ ಕೆಂಪು ದೀಪ, ನಿಲ್ಲುತ್ತದೆ. ಆಗ ತರಬೇತಾದ ಹಳೆಯ ಕೈ ಒಬ್ಬರು ಬಂದು, ಕಣ್ಣಾರೆ ನೋಡಿ, ಪರವಾಗಿಲ್ಲ ಅನ್ನಿಸಿದರೆ ಹೆಬ್ಬೆಟ್ಟು ಒತ್ತಿ ಬಿಡಬೇಕು. ಹೆಬ್ಬೆಟ್ಟು ಒತ್ತಿದ ಕೂಡಲೇ ಪರದೆಯ ಮೇಲೆ ಅವರ ಫೋಟೋ ಬರುತ್ತದೆ. ಹಾಗೆ ಬಿಡುವ ಅಧಿಕಾರ ಇದ್ದದ್ದು ಇಬ್ಬರಿಗೇ. ಒಬ್ಬಳು ಕನ್ನಡಿಯಮ್ಮ. ಇನ್ನೊಬ್ಬರು ಉದ್ದ ಮೂಗಿನ ಮೇಸ್ತ್ರಿ, ಈಚೆಗೆ ಕೆಲಸ ಬಿಟ್ಟು ಹೋದವರು.

“ಹಾಗಾದ್ರೆ ಇಷ್ಟು ದಿನ ಕೆಂಪು ದೀಪ ಬಂದಾಗ ಏನು ಮಾಡ್ತಿದ್ರಿ?” ಎಂದು ಕೇಳಿದೆ.

“ಏನು ಮಾಡೋದು? ತೆಗೆದು ಮತ್ತೆ ಉಜ್ತಿದ್ವಿ.”

“ಹೆಬ್ಬೆಟ್ಟು?”

“ಅದಕ್ಕೆ ನಮ್ಮ ಹೆಬ್ಬೆಟ್ಟು ಎಲ್ಲಿ ಹತ್ತತ್ತೆ ಮೇಡಂ? ತರಬೇತಿ ಅಂತ ಕರೆದ್ರು. ಫೋಟೋ ಹೊಡೆದ್ರು. ಬೆರಳಿಡಿ ಅಂದ್ರು, ಇಟ್ವಿ. ನಂದೂ ಹತ್ತಲಿಲ್ಲ, ಮೇಸ್ತ್ರೀದೂ ಹತ್ತಲಿಲ್ಲ. ಆಮೇಲೆ ನೋಡೋಣ ಹೋಗಿ ಅಂದ್ರು. ಅಷ್ಟೇ.”

ಭಾವ ನನ್ನ ಮುಖ ನೋಡಿದರು. ನಾನು ಭಾವನ ಮುಖ ನೋಡಿದೆ. ಇಬ್ಬರ ಮುಖದಲ್ಲೂ ಏನೂ ಇರಲಿಲ್ಲ.

ಹತ್ತದ ಬೆರಳು ಒತ್ತಿದ್ದು ಹೇಗೆ? ಒತ್ತದಿದ್ದರೆ ಫೋಟೋ ಬಂದದ್ದು ಹೇಗೆ?

“ಕೈ ಕೊಡಿ ಇಲ್ಲಿ,” ಎಂದು ಅವಳ ಅಂಗೈ ತಿರುಗಿಸಿದೆ. ಬೆರಳ ತುದಿಗಳು ಹುಣಸೆ ಬೀಜದ ಹಾಗೆ ನುಣ್ಣಗಿದ್ದವು. ಒಂದು ಗೆರೆಯಿಲ್ಲ. ಪಕ್ಕದ ಮೇಜಿನವಳ ಕೈ ನೋಡಿದೆ, ಅವಳದ್ದೂ ಅಷ್ಟೇ. ಬಿಲ್ಲೆಯ ಜೊತೆ ಇವರ ಬೆರಳೂ ಸವೆದು ಹೋಗಿತ್ತು.

“ಹಿಂದೆ ಓದು ಬರದೋರು ಹೆಬ್ಬೆಟ್ಟು ಒತ್ತುತಿದ್ರು,” ಎಂದರು ಭಾವ. “ಈಗ ಕೆಲಸ ಬರೋರಿಗೆ ಹೆಬ್ಬೆಟ್ಟೂ ಇಲ್ಲದ ಹಾಗಾಯ್ತಲ್ಲಮ್ಮ.”

“ಭಾವ, ಒಂದು ಗಳಿಗೆ ಸುಮ್ನಿರಿ.”

*

ಮೆಟ್ಟಿಲು ಹತ್ತಿ ಮೇಲೆ ಬಂದರೆ ಬೇರೆಯದೇ ಲೋಕ. ಕೆಳಗೆ ಎಣ್ಣೆಯ ವಾಸನೆ, ಇಲ್ಲಿ ರತ್ನಗಂಬಳಿಯ ವಾಸನೆ. ಕಾರಿಡಾರಿನ ಗೋಡೆಯ ತುಂಬ ಚೌಕಟ್ಟು ಹಾಕಿದ ಫೋಟೋಗಳು.

ಬೋರ್ಡ್ ರೂಮಿನ ಬಾಗಿಲಲ್ಲಿ ಪ್ರಿನ್ಸಿಪಾಲ್ ಮೇಡಂ ನನಗಾಗಿ ಕಾಯುತ್ತಿದ್ದರು. ನನ್ನನ್ನು ಈ ಕೆಲಸಕ್ಕೆ ಕರೆಸಿದವರೇ ಅವರು. ಇಂಜಿನಿಯರಿಂಗ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದು ನಿವೃತ್ತರಾದವರು. ಕಂಪನಿ ಬೋರ್ಡಿನ ಮೂವರು ಡೈರೆಕ್ಟರುಗಳಲ್ಲಿ ಮನೆಯವರಲ್ಲದವರು ಅವರೊಬ್ಬರೇ. ಉಳಿದಿಬ್ಬರು ಮಾವ ಅಳಿಯ: ಕಾರ್ಖಾನೆ ಕಟ್ಟಿದ ದೊಡ್ಡ ಯಜಮಾನರು, ಈಗ ಅದನ್ನು ನಡೆಸುತ್ತಿರುವ ಅಳಿಯ ಸಾಹೇಬರು.

“ಏನಾದ್ರೂ ಸಿಕ್ತಾ?” ಎಂದರು ತಗ್ಗಿದ ದನಿಯಲ್ಲಿ. “ಆ ಹೆಂಗಸನ್ನ ಹೇಗಾದ್ರೂ ಉಳಿಸ್ಬೇಕು.”

“ನಿಮಗೆ ಅವರು ಮೊದಲಿಂದ ಗೊತ್ತಾ ಮೇಡಂ?”

“ಇಲ್ಲಪ್ಪ. ಯಂತ್ರದ ಉದ್ಘಾಟನೆ ದಿನ ದೂರದಿಂದ ನೋಡಿದ್ದೆ, ಅಷ್ಟೆ. ಆಮೇಲೆ ನಾನು ಕೆಳಗೆ ಇಳಿದೇ ಇಲ್ಲ.”

ಅವರ ಕಣ್ಣಿನ ಕೆಳಗೆ ನಿದ್ದೆಯಿಲ್ಲದ ಕಪ್ಪು. ಪರರಿಗಾಗಿ ಇಷ್ಟು ಬೇಯುವವರೂ ಇದ್ದಾರಲ್ಲ ಎಂದುಕೊಂಡೆ. ನನಗೆ ಅವರ ಮೇಲೆ ಗೌರವ ಹುಟ್ಟಿತು. ಹಾಗೆ ಎಲ್ಲರ ಮೇಲೂ ಹುಟ್ಟುವಂಥದ್ದಲ್ಲ ನನ್ನ ಗೌರವ.

“ಈ ಇಬ್ಬರು ಹಳೆಯ ಕೆಲಸಗಾರರ ನಿಯಮ ಯಾರದ್ದು?” ಎಂದೆ.

“ನಂದೇ. ಯಂತ್ರ ಬರಲಿ, ಬೇಡ ಅನ್ನಲ್ಲ. ಆದರೆ ಕೊನೇ ಮಾತು ತರಬೇತಾದ ಮನುಷ್ಯರದ್ದಾಗಿರಬೇಕು ಅಂತ ಹಟ ಹಿಡಿದೆ. ಇಬ್ಬರಾದ್ರೂ ಅನುಭವಸ್ಥರ ಗುರುತು ಅದರಲ್ಲಿ ಸೇರೋವರೆಗೂ ಯಂತ್ರ ಶುರು ಮಾಡೋ ಹಾಗಿಲ್ಲ ಅಂತ ಬೋರ್ಡಿನಲ್ಲಿ ಬರೆಸಿದೆ.”

“ಸೇರಿತಾ ಅಂತ ನೋಡಿದ್ರಾ?”

“ಸೇರಿದೆ ಅಂತ ಕಾಗದ ಕೇಳಿದೆ. ಕಾಗದ ಬಂತು.”

ಭಾವ ಅಷ್ಟರಲ್ಲಿ ಗೋಡೆಯ ಫೋಟೋವೊಂದಕ್ಕೆ ಮೂಗು ತಾಗಿಸಿಕೊಂಡು ನಿಂತಿದ್ದರು. “ಇಲ್ಲಿ ಬಾರಮ್ಮ. ಇವರಿಗೇನಾಗಿದೆ ನೋಡು, ಹರಳೆಣ್ಣೆ ಕುಡಿದ ಮುಖ ಮಾಡ್ಕೊಂಡಿದಾರೆ.”

ಯಂತ್ರದ ಉದ್ಘಾಟನೆಯ ಫೋಟೋ. ಅಳಿಯ ಸಾಹೇಬರು ಹೆಬ್ಬೆಟ್ಟನ್ನು ಗಾಜಿನ ಮೇಲಿಟ್ಟು ಹಲ್ಲು ಬಿಟ್ಟಿದ್ದರು. ಪಕ್ಕದಲ್ಲಿ ಪ್ರಿನ್ಸಿಪಾಲ್ ಮೇಡಂ ತಮ್ಮ ಸರದಿಗೆ ಹೆಬ್ಬೆಟ್ಟು ಎತ್ತಿ ಹಿಡಿದು ನಿಂತಿದ್ದರು. ದೊಡ್ಡ ಯಜಮಾನರು ಮಾತ್ರ ಕೈಯನ್ನು ಬೆನ್ನ ಹಿಂದೆ ಕಟ್ಟಿ ಗಂಟುಮುಖ ಹಾಕಿದ್ದರು.

“ರಿಬ್ಬನ್ ಕತ್ತರಿಸೋ ಬದಲು ಎಲ್ಲರೂ ಹೆಬ್ಬೆಟ್ಟು ಒತ್ತಿ ಶುರು ಮಾಡೋಣ ಅಂದ ನಮ್ಮ ಅಳಿಯ,” ಎಂದು ಹಿಂದಿನಿಂದ ದನಿ ಬಂತು. ದೊಡ್ಡ ಯಜಮಾನರೇ ಕೋಲೂರಿಕೊಂಡು ಹೊರಗೆ ಬಂದಿದ್ದರು. “ನಂದು ಹತ್ತಲಿಲ್ಲ. ಎಲ್ಲರೂ ನಕ್ಕರು. ನಾನು ಕಟ್ಟಿದ ಕಾರ್ಖಾನೆ ಕಣಮ್ಮ, ನನ್ನ ಬೆರಳೇ ಆಗಲಿಲ್ಲ ಅದಕ್ಕೆ.”

“ನೀವೂ ಬಿಲ್ಲೆ ಉಜ್ಜಿದವರಾ?”

“ಮತ್ತೆ? ಮೊದಲ ಬಿಲ್ಲೆಯಿಂದ ಹಿಡಿದು ಕೂದಲು ನರೆಯೋವರೆಗೂ ಉಜ್ಜಿದೀನಿ.” ಅವರು ಕೈ ಚಾಚಿದರು. ಕನ್ನಡಿಯಮ್ಮನ ಬೆರಳುಗಳೇ.

ಉಜ್ಜಿದವರ ಬೆರಳು ಯಂತ್ರಕ್ಕೆ ಹತ್ತುವುದೇ ಇಲ್ಲ. ಆದರೂ ಅದರೊಳಗೆ ಎರಡು ಬೆರಳುಗಳಿವೆ, ಎರಡು ಮುಖಗಳಿವೆ. ಮುಖ ಕೆಳಗಿನವರದ್ದು. ಬೆರಳು ಯಾರದ್ದು?

ಆ ಯಂತ್ರವನ್ನು ಮುಟ್ಟಿ, ಹತ್ತಿಸಿಕೊಂಡವರು ಫೋಟೋದಲ್ಲಿ ಇಬ್ಬರೇ ಇದ್ದರು.

*

ಬೋರ್ಡ್ ರೂಮಿನಲ್ಲಿ ಅಳಿಯ ಸಾಹೇಬರು ಮಾತು ಮುಗಿಸುತ್ತಿದ್ದರು. ಮಾತು ಬೆಣ್ಣೆ. ಅಂಗಿಯ ಮೇಲೆ ಒಂದು ಸುಕ್ಕಿಲ್ಲ.

“ತಂತ್ರಜ್ಞಾನ ತಂದ್ವಿ, ತರಬೇತಿ ಕೊಟ್ವಿ, ಬೋರ್ಡಿನ ಪ್ರತಿಯೊಂದು ನಿಯಮಾನೂ ಪಾಲಿಸಿದ್ವಿ,” ಎನ್ನುತ್ತಿದ್ದರು ಇನ್‌ಸ್ಪೆಕ್ಟರಿಗೆ. “ಯಂತ್ರ ತನ್ನ ಕೆಲಸ ಸರಿಯಾಗೇ ಮಾಡಿದೆ ಸಾರ್, ಕೆಂಪು ದೀಪ ಹಾಕಿದೆ. ಮನುಷ್ಯರೇ ಸರಿಯಿಲ್ಲ ಅಂದ್ರೆ ನಾವೇನು ಮಾಡೋಣ? ಹೋದ ತಿಂಗಳ ಕೊನೇ ಶನಿವಾರ ಆ ಹೆಂಗಸು ಒತ್ತಿ ಬಿಟ್ಟಿದಾಳೆ.”

“ಯಾವ ಬೆರಳಿಂದ?” ಎಂದೆ.

“ಕ್ಷಮಿಸಿ?”

“ಯಾವ ಬೆರಳಿಂದ ಒತ್ತಿದಳು ಅಂತ ಕೇಳಿದೆ. ಬೆಳಗಿನಿಂದ ಅವಳ ಹತ್ತೂ ಬೆರಳು ಇಟ್ಟು ನೋಡಿದೀನಿ. ನಿಮ್ಮ ಯಂತ್ರಕ್ಕೆ ಅವಳ ಗುರುತೇ ಇಲ್ಲ.”

“ಈಚೆಗೆ ಸವೆದಿರಬೇಕು. ನೋಂದಣಿ ಮಾಡುವಾಗ ಚೆನ್ನಾಗೇ ಇತ್ತು.”

“ಮೂವತ್ತು ವರ್ಷ ಉಜ್ಜಿದಾಗ ಸವೆಯದ ಬೆರಳು ಒಂದು ತಿಂಗಳಲ್ಲಿ ಸವೀತಾ? ನಿಮ್ಮ ಮಾವನವರ ಬೆರಳೂ ನಿನ್ನೆ ಮೊನ್ನೆ ಸವೆದದ್ದಾ?”

ಅಳಿಯ ಸಾಹೇಬರು ನೀರು ಕುಡಿದರು. ಗ್ಲಾಸು ಕೆಳಗಿಟ್ಟವರು ಬಲಗೈಯನ್ನು ಮೆಲ್ಲಗೆ ಪ್ಯಾಂಟಿನ ಜೇಬಿಗೆ ಇಳಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ನೋಡಿಯೂ ಕೊಳ್ಳಲಿಲ್ಲ, ಬಚ್ಚಿಟ್ಟುಕೊಂಡರು.

“ಕೈ ತೆಗೀರಿ ಹೊರಗೆ,” ಎಂದೆ.

“ಏನ್ರೀ ಇದು ಮಾತು! ನೀವು ಯಾರ ಹತ್ರ ಮಾತಾಡ್ತಿದೀರ...”

“ಅಳಿಯಂದಿರೇ,” ಎಂದರು ದೊಡ್ಡ ಯಜಮಾನರು. ದನಿ ಏರಿಸಲಿಲ್ಲ. “ನಂಗೂ ತಿಳ್ಕೋಬೇಕು. ಹೇಳಿ.”

ಅಳಿಯ ಸಾಹೇಬರ ಬೆಣ್ಣೆ ಕರಗಿತು.

“ಆ ಇಬ್ಬರ ಬೆರಳು ಹತ್ತಲಿಲ್ಲ ಮಾವ. ಆಸ್ಪತ್ರೆಗಳಿಂದ ದಿನಾ ಫೋನು, ವಾಲ್ವ್ ಎಲ್ಲಿ, ವಾಲ್ವ್ ಎಲ್ಲಿ ಅಂತ. ಇಬ್ಬರ ಗುರುತು ಸೇರದೆ ಯಂತ್ರ ಶುರು ಮಾಡೋ ಹಾಗಿಲ್ಲ ಅಂತ ಬೋರ್ಡಿನ ನಿಯಮ. ಯಂತ್ರ ಕೂರಿಸೋಕೆ ಬಂದ ಟೆಕ್ನಿಷಿಯನ್ ಹೇಳ್ದ, ಉದ್ಘಾಟನೆ ದಿನ ಒತ್ತಿದ ಎರಡು ಬೆರಳು ಒಳಗೇ ಇವೆ, ಅವಕ್ಕೆ ಇವರಿಬ್ಬರ ಫೋಟೋ ಸೇರಿಸಿಬಿಡ್ತೀನಿ, ಆಮೇಲೆ ಸರಿ ಮಾಡಿದ್ರಾಯ್ತು ಅಂತ. ಹೂಂ ಅಂದೆ.”

“ಆಮೇಲೆ ಸರಿ ಮಾಡಿದ್ರಾ?”

ಅವರು ತಲೆ ಅಲ್ಲಾಡಿಸಿದರು. ಇಲ್ಲ. ಎಲ್ಲ ಆಮೇಲೆಗಳಿಗೂ ಆಗುವುದು ಇದೇ.

“ಬೋರ್ಡಿನಲ್ಲಿ ಯಾರಾದ್ರೂ ಒಂದು ದಿನ ಕೆಳಗಿಳಿದು ಬಂದು ನೋಡಿದ್ರಾ?” ಎಂದು ಅವರೇ ತಿರುಗಿಬಿದ್ದರು. “ಎಲ್ಲರಿಗೂ ಕಾಗದ ಬೇಕಿತ್ತು. ಕೊಟ್ಟೆ.”

ಮಂಗ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕಥೆ ನನಗೆ ಗೊತ್ತು. ಮೇಕೆಯ ಮುಖವನ್ನೇ ಹಾಕಿಕೊಂಡು ತಿಂದ ಮಂಗನನ್ನು ನೋಡಿದ್ದು ಇದೇ ಮೊದಲು.

“ಕನ್ನಡಿಯಮ್ಮನ ಫೋಟೋ ಹಿಂದೆ ಯಾರ ಬೆರಳಿದೆ?”

“ನನ್ನಾಣೆ ಗೊತ್ತಿಲ್ಲ! ಯಾವುದು ಯಾರಿಗೆ ಸೇರಿಸ್ದ ಅಂತ ನಾನು ಕೇಳ್ಲಿಲ್ಲ. ಆ ಶನಿವಾರ ನಾನು ಹಾಲಿಗೆ ಹೋಗಿದ್ದೆ, ನಿಜ. ಆದರೆ ಗಾಜು ಮುಟ್ಟಿಲ್ಲ.”

“ಹಾಗಾದ್ರೆ ಭಯ ಯಾಕೆ? ಬನ್ನಿ ಕೆಳಗೆ. ಒತ್ತಿ ನೋಡಿಬಿಡೋಣ.”

ನನಗೆ ಒಳಗೊಳಗೇ ಕುಣಿಯುವ ಹಾಗಾಗಿತ್ತು, ಸುಳ್ಳೇಕೆ ಹೇಳಲಿ? ಕೇಸು ಕೈಗೆ ಬಂದಿತ್ತು. ಮೆಟ್ಟಿಲಿಳಿಯುವಾಗ ಭಾವ ಪಿಸುಗುಟ್ಟಿದರು, “ಅಷ್ಟೊಂದು ಹಿಗ್ಗಬೇಡ ಕಣಮ್ಮ.” ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

*

ಹಾಲಿನಲ್ಲಿ ಉಜ್ಜುವ ಸದ್ದು ನಿಂತಿತು. ಎಲ್ಲರೂ ಎದ್ದು ನಿಂತರು. ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕನ್ನಡಿಯಮ್ಮ ನಾವು ಬಿಟ್ಟು ಹೋದ ಹಾಗೆಯೇ ಕೂತಿದ್ದಳು. ಯಜಮಾನರನ್ನು ಕಂಡು ಅವಳೂ ಎದ್ದಳು.

ಅಳಿಯ ಸಾಹೇಬರು ಜೇಬಿನಿಂದ ಕೈ ತೆಗೆದರು. ಬೆವರಿತ್ತು. ಪ್ಯಾಂಟಿಗೆ ಒರೆಸಿಕೊಂಡು ಹೆಬ್ಬೆಟ್ಟು ಇಟ್ಟರು.

ಟಿಣ್ ಎಂದಿತು. ಪರದೆ ಹಸಿರಾಯಿತು.

ಉದ್ದನೆಯ ಮೂಗು. ಬೋಳು ತಲೆ. ಮೇಸ್ತ್ರಿ.

ಅಳಿಯ ಸಾಹೇಬರು ಬಿದ್ದೇ ಬಿಡುತ್ತಾರೇನೋ ಎಂಬಂತೆ ಯಂತ್ರಕ್ಕೆ ಒರಗಿಕೊಂಡರು. “ನೋಡಿದ್ರಾ? ನಾನಲ್ಲ. ನಾನಲ್ಲ ಅಂದ್ನಲ್ಲ!”

ಎರಡು ಬೆರಳು, ಎರಡು ಮುಖ. ಒಂದು ಜೋಡಿ ಮುಗಿಯಿತು. ಲೆಕ್ಕ ಸಣ್ಣ ಮಕ್ಕಳಿಗೂ ಬರುತ್ತದೆ. ಆದರೂ ಬೇಡ, ಬೇಡ ಎಂದಿತು ನನ್ನ ಮನಸ್ಸು. ತಾನೇ ಒತ್ತಿದವರು ನನ್ನನ್ನು ಯಾಕೆ ಕರೆಸುತ್ತಾರೆ? ಆ ಹೆಂಗಸನ್ನು ಉಳಿಸು ಎಂದು ಯಾಕೆ ಗೋಗರೆಯುತ್ತಾರೆ?

ಪ್ರಿನ್ಸಿಪಾಲ್ ಮೇಡಂ ಯಾರೂ ಕರೆಯದೆಯೇ ಮುಂದೆ ಬಂದರು. ಕನ್ನಡಕ ಸರಿಮಾಡಿಕೊಂಡು, ತೀರ ಸಹಜವಾಗಿ, ಗಾಜಿನ ಮೇಲೆ ಬೆರಳಿಟ್ಟರು.

ಟಿಣ್.

ಪರದೆಯ ತುಂಬ ಕನ್ನಡಿಯಮ್ಮನ ಮುಖ.

ಕೆಲಸಗಾರರಲ್ಲಿ ಯಾರೋ “ಅಯ್ಯೋ” ಎಂದರು. ಇನ್‌ಸ್ಪೆಕ್ಟರು ಪರದೆಯನ್ನೂ ಮೇಡಮ್ಮನನ್ನೂ ನನ್ನನ್ನೂ ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡರು. “ಅಂದ್ರೆ ಆ ಬಿಲ್ಲೆ ಬಿಟ್ಟಿದ್ದು ಇವರಾ? ಸ್ವಲ್ಪ ಬಿಡಿಸಿ ಹೇಳ್ರಮ್ಮ, ನಂಗೆ ಒಂದೂ ಅರ್ಥ ಆಗ್ತಿಲ್ಲ.”

ನನಗೆ ಆಗಿತ್ತೇ? ಮೇಡಮ್ಮನ ಕೈ ಇನ್ನೂ ಗಾಜಿನ ಮೇಲೆಯೇ ಇತ್ತು. ನನಗೆ ಅಳು ಬರುವಷ್ಟು ಬೇಸರವಾಯಿತು. ಏನೇ ಆಗಲಿ, ಕನ್ನಡಿಯಮ್ಮನಾದರೂ ಉಳಿದಳಲ್ಲ ಎಂದು ಅವಳ ಕಡೆ ತಿರುಗಿದೆ. ಅವಳು ಖುಷಿಪಡುತ್ತಾಳೆ, ಕೂಗುತ್ತಾಳೆ, ಮಗಳಿಗೆ ಫೋನು ಮಾಡುತ್ತಾಳೆ ಎಂದುಕೊಂಡಿದ್ದೆ.

ಅವಳ ಮುಖ ಬೂದಿಯಾಗಿತ್ತು.

“ಇನ್‌ಸ್ಪೆಕ್ಟರ್,” ಎಂದರು ಪ್ರಿನ್ಸಿಪಾಲ್ ಮೇಡಂ, “ಆ ಶನಿವಾರ ನಾನು ಇಲ್ಲಿಗೆ ಬಂದಿದ್ದೆ. ಕೆಂಪು ದೀಪ ಇತ್ತು, ಸುಮ್ಮನೆ ಬೆರಳಿಟ್ಟು ನೋಡಿದೆ...”

“ನಾನು!” ಎಂದಳು ಕನ್ನಡಿಯಮ್ಮ. “ನಾನೇ ಒತ್ತಿದ್ದು ಸಾಹೇಬ್ರೇ. ನಾನೇ ಬಿಟ್ಟಿದ್ದು. ಬರ್ಕೊಳ್ಳಿ.”

“ನಿಮಗೇನು ತಲೆ ಕೆಟ್ಟಿದ್ಯಾ?” ನಾನು ಕಿರುಚಿಯೇ ಬಿಟ್ಟೆ. “ನಿಮ್ಮ ಬೆರಳು ಹತ್ತೋದೇ ಇಲ್ಲ ಅಂತ ಈಗ ತಾನೇ ಎಲ್ಲರ ಕಣ್ಣೆದುರು...”

“ಹತ್ತಿತ್ತು. ಅವತ್ತು ಹತ್ತಿತ್ತು.”

“ಬೆಳಗಿನಿಂದ ಮೊಮ್ಮಗುವಿನ ಆಣೆ ಇಡ್ತಾ ಇದ್ರಲ್ಲ!”

ಅವಳು ಎರಡೂ ಕೈಗಳನ್ನು ಇನ್‌ಸ್ಪೆಕ್ಟರ ಮುಂದೆ ಚಾಚಿ ನಿಂತಳು.

“ಬೇಡ ಕಣೇ,” ಎಂದರು ಪ್ರಿನ್ಸಿಪಾಲ್ ಮೇಡಂ. ದನಿ ಒಡೆದಿತ್ತು. “ಸುಳ್ಳು ಹೇಳ್ಬೇಡ. ಸಾಕು.”

“ನೀನು ಬಾಯಿ ಮುಚ್ಕೊಂಡಿರು ಅಕ್ಕ,” ಎಂದಳು ಕನ್ನಡಿಯಮ್ಮ.

ಯಜಮಾನರ ಕೋಲು ನೆಲಕ್ಕೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ. ದೂರದಿಂದ ಒಮ್ಮೆ ನೋಡಿದ್ದೆ ಅಷ್ಟೆ ಎಂದಿದ್ದ ಡೈರೆಕ್ಟರ್ ಮೇಡಂ, ಬಿಲ್ಲೆ ಉಜ್ಜುವ ಹೆಂಗಸಿನಿಂದ ಗದರಿಸಿಕೊಂಡು, ಸಣ್ಣ ಹುಡುಗಿಯ ಹಾಗೆ ಬಾಯಿ ಮುಚ್ಚಿಕೊಂಡು ನಿಂತಿದ್ದರು.

ಇನ್‌ಸ್ಪೆಕ್ಟರು “ಬಾಯಾರೆ ಒಪ್ಕೊಂಡಿದಾರೆ, ಉಳಿದದ್ದು ಠಾಣೆಲಿ ನೋಡೋಣ,” ಎಂದು ಕನ್ನಡಿಯಮ್ಮನ ತೋಳು ಹಿಡಿದರು. ಅವಳು ಎರಡು ಹೆಜ್ಜೆ ಹೋಗಿ ನನ್ನ ಹತ್ತಿರ ನಿಂತಳು.

“ಮಗಳಿಗೆ ಹೆರಿಗೆ ಆದ್ರೆ ಮೊದಲು ಇವಳಿಗೆ ಹೇಳಿ ಮೇಡಂ,” ಎಂದಳು, ಕಣ್ಣಲ್ಲೇ ಪ್ರಿನ್ಸಿಪಾಲರನ್ನು ತೋರಿಸಿ. “ಆ ಹುಡುಗೀನ ಹೆತ್ತೋಳು ಇವಳು. ಸಾಕಿದೋಳು ನಾನು.”